ಗೇಟಿಗೆ ಅಡ್ಡ ಬೇವು, ಅಟ್ಟದ ಮೇಲೆ ಗರಗಸ

ಜೂನ್ 2, ಸೋಮವಾರ

ನಿನ್ನೆ ಸಂಜೆಯ ಬಿರುಗಾಳಿಗೆ ಅಂಗಳದ ಬೇವಿನ ಮರ ಬುಡಸಮೇತ ಉರುಳಿತು. ಉರುಳಲು ಅದಕ್ಕೆ ಎಡಗಡೆ ಖಾಲಿ ಸೈಟಿತ್ತು, ಹಿಂದುಗಡೆ ಯಾರೂ ವಾಸವಿಲ್ಲದ ಮನೆಯಿತ್ತು. ಅದು ಆರಿಸಿಕೊಂಡದ್ದು ನಮ್ಮ ಗೇಟನ್ನು. ಗೇಟಿನ ಒಂದು ಬಾಗಿಲು ನೆಲಕಚ್ಚಿದೆ. ಮರದ ಬುಡ ಅಂಗಳದಲ್ಲಿದೆ, ಮೇಲಿನ ತುದಿ ಕಾಂಪೌಂಡ್ ಗೋಡೆಯ ಮೇಲಿದೆ, ನಡುವಿನ ಕಾಂಡ ಗೇಟಿನ ಬಾಯಿಗೆ ಅಡ್ಡವಾಗಿ ನನ್ನ ಸೊಂಟದ ಎತ್ತರಕ್ಕೆ ನಿಂತಿದೆ. ಟೋಲ್ ನಾಕಾದ ಅಡ್ಡಗಂಬದ ಹಾಗೆಯೇ. ಆದರೆ ಇದು ಹಣ ಕೊಟ್ಟರೂ ಏಳುವುದಿಲ್ಲ.

ಬೆಳಿಗ್ಗೆ ನಗರಪಾಲಿಕೆಯ ಜನ ಬಂದು ಬೀದಿಗೆ ಚಾಚಿದ್ದ ರೆಂಬೆಗಳನ್ನೆಲ್ಲ ಚಕಚಕನೆ ಸವರಿಕೊಂಡು ಹೋದರು. ಗೋಡೆಯೊಳಗಿನ ಮರ ಮನೆಯವರದು ಎಂದರು. ನ್ಯಾಯವೇ. ಹೀಗಾಗಿ ನಾವು ಮೂವರು, ಒಂದು ಕಾರು ಮತ್ತು ಒಂದು ಸ್ಕೂಟರು ಒಳಗಿದ್ದೇವೆ. ಉಳಿದ ಭಾರತವೆಲ್ಲ ಹೊರಗಿದೆ.

ಯಜಮಾನರು ಈಚೆಗೊಂದು ಆಚೆಗೊಂದು ಸ್ಟೂಲು ಹಾಕಿ, ಕಾಂಡದ ಮೇಲೆ ಕುದುರೆ ಸವಾರಿ ಮಾಡಿ ದಾಟಿ ಹಾಲು ತಂದರು. ನನಗೆ ಹೊಸ ಕಷ್ಟವೇನೂ ಇಲ್ಲ. ರಾಜಮಾತೆ ಬಚ್ಚಲಲ್ಲಿ ಜಾರಿ ಬಿದ್ದು ಗಾಲಿಕುರ್ಚಿಗೆ ಬಂದಾಗಿನಿಂದ ನಾನು ಗೇಟಿನ ತನಕ ಹೋಗುವುದು ತರಕಾರಿಯವನ ತಕ್ಕಡಿ ನೋಡಲು ಮಾತ್ರ. ಮೊದಲು ಸಾಕ್ಷಿಯಿಲ್ಲದೆ ಒಳಗಿದ್ದೆ. ಈಗ ಒಂದು ಮರವೇ ಬಂದು ಸಾಕ್ಷಿ ಹೇಳುತ್ತಿದೆ.

ರಾಜಮಾತೆ ಎಂದರೆ ನನ್ನ ಅತ್ತೆ ಹೊನ್ನವ್ವ. ಬಿರುದು ನಾನು ಕೊಟ್ಟದ್ದು, ಅವರಿಗೆ ಗೊತ್ತಿಲ್ಲ. ಕನ್ನಡದಲ್ಲಿ ಬರೆಯುವ ಸುಖವೇ ಅದು. ಅವರಿಗೆ ಕಣ್ಣು ಕಾಣದು. ಯಜಮಾನರು ಇದೇ ನಾಗಪುರದ ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಓದಲು ಕೂತರೆ ಒಂದು ಸಾಲಿಗೆ ಒಂದು ಕಪ್ ಚಹಾ ಬೇಕಾಗುತ್ತದೆ.

ಭಯ ಇರುವುದು ಒಂದಕ್ಕೇ. ರಾಜಮಾತೆಯ ಒಂದು ಕಣ್ಣು ಹೋಗಿ ಬಹಳ ಕಾಲವಾಯಿತು. ಉಳಿದದ್ದಕ್ಕೆ ಪೊರೆ ಬಂದು ಗಟ್ಟಿಯಾಗಿದೆ. ಸಿವಿಲ್ ಲೈನ್ಸಿನ ಕಣ್ಣಿನ ಡಾಕ್ಟರು ಕಾಯಿಸಿ ಕಾಯಿಸಿ ಕೊನೆಗೂ ಈ ಹತ್ತೊಂಬತ್ತಕ್ಕೆ ಆಪರೇಷನ್ ಎಂದಿದ್ದಾರೆ. ಅದು ತಪ್ಪಿದರೆ ಮತ್ತೆ ದೀಪಾವಳಿಯ ನಂತರವೇ. ಅಷ್ಟರಲ್ಲಿ ಆ ಕಣ್ಣಿನ ಭರವಸೆ ನಾನು ಕೊಡಲಾರೆ ಎಂದೂ ಹೇಳಿಬಿಟ್ಟಿದ್ದಾರೆ.

ಜೂನ್ 3, ಮಂಗಳವಾರ

ಎದುರುಮನೆಯ ಪೊನ್ನಪ್ಪನವರು ಕಾಂಡದ ಆಚೆ ನಿಂತು ಸಾಂತ್ವನ ಹೇಳಿದರು. ಕೊಡಗಿನವರು, ವಾಯುಸೇನೆಯಿಂದ ನಿವೃತ್ತರಾಗಿ ಇಲ್ಲೇ ಉಳಿದವರು. ಹೃದಯಕ್ಕೆಂದು ಎದೆಯಲ್ಲಿ ಬ್ಯಾಟರಿ ಕೂರಿಸಿದ್ದಾರೆ. ಹಾಗಾಗಿ ಕೆಲಸ ಮಾಡುವಂತಿಲ್ಲ, ಮಾಡುವವರಿಗೆ ಸಲಹೆ ಕೊಡಲು ಅಡ್ಡಿಯಿಲ್ಲ.

"ಯಾಕ್ ಯೋಚನೆ ಮಾಡ್ತೀರಿ ಭೀಮಪ್ಪನವರೇ? ಹತ್ತೊಂಬತ್ತಕ್ಕೆ ನಮ್ಮ ಯೂನಿಟ್ಟಿನ ನಾಲ್ಕು ಹುಡುಗರನ್ನ ಕರೆಸ್ತೀನಿ. ಅಜ್ಜೀನ ಕುರ್ಚಿ ಸಮೇತ ಎತ್ತಿ ಮರದ ಮೇಲಿಂದ ಈಚೆ ಇಳಿಸಿಬಿಡ್ತಾರೆ."

ಎಷ್ಟು ಸರಳ! ನಾವಿಬ್ಬರೂ ತಲೆಯಾಡಿಸಿದೆವು. ವರಾಂಡದಲ್ಲಿ ಕೌದಿ ಹೊಲಿಯುತ್ತಿದ್ದ ರಾಜಮಾತೆ ತಲೆಯಾಡಿಸಲಿಲ್ಲ. ಕಣ್ಣಿಲ್ಲದಿದ್ದರೂ ಅವರು ಬೆರಳಿನ ಅಂದಾಜಿನಲ್ಲಿ ಕೌದಿ ಹೊಲಿಯುತ್ತಾರೆ. ಸೂಜಿಗೆ ದಾರ ಹಾಕಲು ಮಾತ್ರ ಅಂದಾಜು ಸಾಲದು, ಅದಕ್ಕೆ ನಾನಿದ್ದೇನೆ.

"ನಾ ಒಲ್ಲೆ," ಎಂದರು.

"ಯಾಕವ್ವಾ?"

"ಲೇ ಭೀಮ್ಯಾ, ನಾಲ್ಕು ಮಂದಿ ಹೊತ್ತು ಮನಿಯಿಂದ ಹೊರಗ ಒಯ್ಯೂದು ಒಮ್ಮೆ ಮಾತ್ರ. ಆವಾಗ ಒಯ್ಯಿರಿ, ನಾ ಏನೂ ಅನ್ನೂದಿಲ್ಲ. ಜೀವ ಇರೂತನ ಈ ಮನಿ ಬಾಗಲಾ ನಾ ಹೊರಸಿಕೊಂಡು ದಾಟೂದಿಲ್ಲ."

"ಹಂಗಾರ ಐದು ಮಂದೀನ ಕರಸ್ತೀನಿ," ಎಂದರು ಯಜಮಾನರು.

"ಐದನೇದಾಂವ ಮುಂದ ಮಡಿಕಿ ಹಿಡೀಲಿ," ಎಂದರು ರಾಜಮಾತೆ.

ಪೊನ್ನಪ್ಪನವರು ನೆನಪಾದ ಯಾವುದೋ ಕೆಲಸಕ್ಕೆ ಹೊರಟುಹೋದರು. ಮಗಳು ಸೌಜನ್ಯಾ ಪುಣೆಯಿಂದ ಫೋನಿನಲ್ಲಿ ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಅಜ್ಜಿಗೆ ಬುದ್ಧಿ ಹೇಳಿದಳು. ಅಜ್ಜಿ ಮೂರರಲ್ಲೂ ಒಲ್ಲೆ ಎಂದರು.

ಜೂನ್ 5, ಗುರುವಾರ

ಮರ ಕೊಯ್ಯುವವರೆಲ್ಲ ಬಿರುಗಾಳಿಯ ಕೃಪೆಯಿಂದ ಮಂತ್ರಿಗಳಷ್ಟು ದುರ್ಲಭರಾಗಿದ್ದಾರೆ. ಒಬ್ಬ ಬುಟಿಬೋರಿಯಲ್ಲಿ ಕಾರ್ಖಾನೆಯೊಂದರ ಅಂಗಳ ಸವರುತ್ತಿದ್ದಾನಂತೆ. "ವೀಸ್ ತಾರಖೇನಂತರ್ ಬಘೂ, ಕಾಕಾ" ಎಂದ. ಇಪ್ಪತ್ತರ ನಂತರ. ನಮಗೆ ಬೇಕಾದದ್ದು ಹತ್ತೊಂಬತ್ತರ ಮುಂಚೆ.

ಯಜಮಾನರು ಕೈಗರಗಸ ಹಿಡಿದು ಒಂದು ಸಂಜೆಯಿಡೀ ಕೊಯ್ದರು. ಒಂದೂವರೆ ಅಡಿ ದಪ್ಪದ ಬೇವಿಗೆ ಯಾರೋ ಬೆನ್ನು ಕೆರೆದಷ್ಟು ಹಿತವಾಯಿತು.

ಆಮೇಲೆ ಅವರಿಗೆ ಅಟ್ಟ ನೆನಪಾಯಿತು. ನಮ್ಮ ಮಾವ ಹೊನ್ನಪ್ಪನವರು ರೈಲ್ವೆಯಲ್ಲಿದ್ದರು. ಇಲಾಖೆಯ ಹಳೆಯ ಸಾಮಾನಿನ ಹರಾಜೆಂದರೆ ಅವರಿಗೆ ಮದುವೆಯೂಟ ಇದ್ದ ಹಾಗೆ, ಬರಿಗೈಯಲ್ಲಿ ಎದ್ದು ಬಂದದ್ದಿಲ್ಲ. ಅಟ್ಟದಿಂದ ಇಳಿದವು ಇಷ್ಟು: ಮೂರು ಕಾಲಿನ ಪ್ಲಾಟ್‌ಫಾರ್ಮ್ ಬೆಂಚು, ಗಾಜಿಲ್ಲದ ಕೈಲಾಟೀನು, ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಚೈನ್ ಸಾ. ಹಳಿಗೆ ಬಿದ್ದ ಮರ ಕೊಯ್ಯಲು ಇಲಾಖೆ ಇಟ್ಟುಕೊಂಡಿದ್ದ ಮಷಿನ್ ಇರಬೇಕು. ಬಣ್ಣ ಯಾವುದೆಂದು ಮಷಿನ್‌ಗೇ ಮರೆತಿದೆ. ಕಂಪನಿಯ ಚೀಟಿ ಇದ್ದ ಜಾಗದಲ್ಲಿ ಅಂಟು ಮಾತ್ರ ಉಳಿದಿದೆ. ಮುಂದೆ ಚಾಚಿದ ಉದ್ದನೆಯ ಕಬ್ಬಿಣದ ಪಟ್ಟಿ, ಅದರ ಅಂಚಿನಲ್ಲೇ ಚೈನು ಓಡಬೇಕಾದದ್ದು, ಅದಕ್ಕೆ ಬಾರ್ ಎನ್ನುತ್ತಾರಂತೆ. ಅದು ಬಿಲ್ಲಿನಂತೆ ಬಾಗಿ ತುಕ್ಕು ಹಿಡಿದಿದೆ. ಚೈನು ಹರಿದಿದೆ.

"ಬಾರು, ಚೈನು ಹೊಸವು ಹಾಕಿದರ ಮಷಿನ್ ಹೊಸದು," ಎಂದು ಯಜಮಾನರು ಘೋಷಿಸಿದರು. ಎಂಜಿನ್ ಹಳೆಯದು ಎಂಬ ವಿಷಯ ಸಭೆಯ ಗಮನಕ್ಕೆ ಬರಲಿಲ್ಲ.

ಜೂನ್ 7, ಶನಿವಾರ

ಇಂದು ಯಂತ್ರದ ಕುಲಗೋತ್ರ ಶೋಧನೆ ನಡೆಯಿತು. ಕಾಟನ್ ಮಾರ್ಕೆಟ್ಟಿನ ಅಂಗಡಿಯವನು ಫೋನಿನಲ್ಲಿ ಮಾಡೆಲ್ ಯಾವುದು ಎಂದ. ಗೊತ್ತಿಲ್ಲ. ಕಂಪನಿ? ಗೊತ್ತಿಲ್ಲ. ಫೋಟೋ ಕಳಿಸಿದರು. "ಖೂಪ್ ಜುನಾ ಆಹೇ" ಎಂದು ಉತ್ತರ ಬಂತು. ಬಹಳ ಹಳೆಯದು ಎಂಬುದಷ್ಟು ನಮಗೂ ಗೊತ್ತಿತ್ತು. ಕೊನೆಗೆ ಅವನು, ಹೆಸರು ಇರಲಿ ಬಿಡಿ, ಬಾರ್ ಎಷ್ಟು ಇಂಚು ಹೇಳಿ ಸಾಕು ಎಂದ.

ಯಜಮಾನರ ಮುಖ ಅರಳಿತು. ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿ ಜೀವಮಾನವಿಡೀ ತಪಾಸಣೆಯ ವಿಭಾಗದಲ್ಲಿದ್ದವರು. ಮನೆಯಲ್ಲಿ ರೊಟ್ಟಿ ದುಂಡಗಿಲ್ಲದಿದ್ದರೆ ಅದನ್ನು ತಿನ್ನುತ್ತಾರೆ, ಆದರೆ ಪಾಸ್ ಮಾಡುವುದಿಲ್ಲ. ಬಾರನ್ನು ಬಿಚ್ಚಿ, ಊಟದ ಮೇಜಿನ ಮೇಲೆ ಮಲಗಿಸಿ, ಉಕ್ಕಿನ ಅಳತೆಪಟ್ಟಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಅಳೆದರು.

"ಇಪ್ಪತ್ತೆರಡು," ಎಂದರು.

ಗೋಡೆಯಾಚೆಯಿಂದ ಪೊನ್ನಪ್ಪನವರು, "ಇಪ್ಪತ್ತೆರಡು ಯಾಕ್ರೀ, ಇಪ್ಪತ್ನಾಲ್ಕೇ ಹಾಕಿ. ಬಾರ್ ಅಂದ್ರೆ ಮೀಸೆ ಇದ್ದ ಹಾಗೆ. ಉದ್ದ ಇದ್ದಷ್ಟೂ ಗತ್ತು."

"ಡ್ರಾಯಿಂಗ್ ಪ್ರಕಾರ ಎಷ್ಟೈತೋ ಅಷ್ಟ," ಎಂದರು ಯಜಮಾನರು. ಮೀಸೆಯಿಲ್ಲದವರು.

ರಾಜಮಾತೆ ಸೂಜಿ ಚಾಚಿ, "ವನಜಾ, ದಾರ," ಎಂದರು.

ಜೂನ್ 8, ಭಾನುವಾರ

ನಲವತ್ತನಾಲ್ಕು ಡಿಗ್ರಿ. ಕರೆಂಟಿಲ್ಲ, ಕೂಲರ್ ಬಾಯಿ ತೆರೆದು ಸುಮ್ಮನೆ ನಿಂತಿದೆ.

ಮಧ್ಯಾಹ್ನ ಇಬ್ಬರೂ ಮಲಗಿದ್ದರು. ನಾನು ಸ್ಟೂಲು ಹತ್ತಿ ಕಾಂಡದ ಮೇಲೆ ಕೂತೆ. ಏನೂ ಕಾರಣವಿಲ್ಲ. ಅಲ್ಲಿಂದ ವರ್ಧಾ ರಸ್ತೆಗೆ ಕೂಡುವ ತಿರುವಿನವರೆಗೂ ಬೀದಿ ಕಾಣುತ್ತದೆ. ನಾಯಿ ಇತ್ತು, ಕಬ್ಬಿನ ಹಾಲಿನ ಗಾಡಿಯವನು ಛತ್ರಿಯ ಕೆಳಗೆ ಮಲಗಿದ್ದ. ಕಾಲು ಆಚೆಯ ಸ್ಟೂಲಿಗೆ ತಾಗಿತ್ತು.

"ವನಜಾ!"

ಈಚೆಗೇ ಇಳಿದೆ. ಸೀರೆ ತೊಗಟೆಗೆ ಸಿಕ್ಕಿ ಹರಿಯಿತು. ನೀರು ಕೊಟ್ಟು ಸೂಜಿಗೆ ದಾರ ಹಾಕಿದೆ. "ಎಲ್ಲಿ ಹೋಗಿದ್ದಿ?" ಎಂದರು. ಎಲ್ಲಿಗೆ ಹೋಗಲಿ?

ಜೂನ್ 10, ಮಂಗಳವಾರ

ಇಪ್ಪತ್ತೆರಡು ಇಂಚಿನ ಹೊಸ ಬಾರೂ ಚೈನೂ ಬಂದವು. ಯಜಮಾನರು ಎರಡು ದಿನದಿಂದ ಎಂಜಿನ್ನಿನ ಸೇವೆಯಲ್ಲಿದ್ದರು. ಪ್ಲಗ್ ಉಜ್ಜಿದರು, ಕಾರ್ಬ್ಯುರೇಟರ್ ತೊಳೆದರು, ಪೆಟ್ರೋಲಿಗೆ ಎಣ್ಣೆ ಬೆರೆಸಿದರು. ಅವರ ಬೆರಳಿಗೆ ಯಂತ್ರಗಳು ಸತ್ಯ ಹೇಳುತ್ತವೆ, ಅದನ್ನು ಒಪ್ಪಲೇಬೇಕು. ಹಗ್ಗ ಎಳೆದು ಎಳೆದು ತೋಳು ಬೀಳುವ ಹೊತ್ತಿಗೆ ಮಷಿನ್ ಕೆಮ್ಮಿತು, ಉಗಿಯಿತು, ಆಮೇಲೆ ಗುಡುಗಿತು. ಪೊನ್ನಪ್ಪನವರು ಆಚೆಯಿಂದ ಚಪ್ಪಾಳೆ ತಟ್ಟಿದರು.

ಗರಗಸ ಮರಕ್ಕೆ ತಾಗಿತು. ಹೊಗೆ ಎದ್ದಿತು. ಪುಡಿ ಮಾತ್ರ ಬೀಳಲಿಲ್ಲ. ಇನ್ನಷ್ಟು ಹೊಗೆ ಬಂತು. ಬೇವಿನ ಹೊಗೆ ಸೊಳ್ಳೆಗಳಿಗೆ ಒಳ್ಳೆಯದು ಎಂದು ಒಳಗಿನಿಂದ ರಾಜಮಾತೆ ಮೆಚ್ಚಿದರು.

ಎಂಜಿನ್ ನಿಂತ ಮೇಲೆ ನಾನು ಬಗ್ಗಿ ನೋಡಿದೆ. "ಏನ್ರೀ, ಮ್ಯಾಲಿನ ಹಲ್ಲು ಮರದ ಕಡೆ ನೋಡೂದು ಬಿಟ್ಟು ನಿಮ್ಮ ಕಡೆ ಯಾಕ ನೋಡಾಕತ್ತಾವು?"

ಅವರು ನೋಡಿದರು. ಬಹಳ ಹೊತ್ತು ನೋಡಿದರು. ಚೈನನ್ನು ತಿರುವುಮುರುವು ಹಾಕಿದ್ದರು.

"ಡ್ರಾಯಿಂಗ್ ಇಲ್ಲದ ಸಾಮಾನಿನಾಗ ಹಿಂಗ ಆಗತೈತಿ," ಎಂದರು.

ಜೂನ್ 12, ಗುರುವಾರ

ಚೈನು ಸರಿ ದಿಕ್ಕಿಗೆ ಬಂತು. ಹಲ್ಲು ಮರಕ್ಕೆ ಕಚ್ಚಿದೊಡನೆ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಮತ್ತೆ ಹಗ್ಗ ಎಳೆಯಬೇಕು, ಮತ್ತೆ ಗುಡುಗು, ಮತ್ತೆ ಕಚ್ಚು, ಮತ್ತೆ ಮೌನ. ಸಣ್ಣ ಎತ್ತಿಗೆ ದೊಡ್ಡ ಬಂಡಿ ಕಟ್ಟಿದಂತಿದೆ. ಬಾರಿನ ತುದಿಗೆ ಎಣ್ಣೆಯೂ ಮುಟ್ಟುತ್ತಿಲ್ಲ, ಒಣಗಿ ನೀಲಿಯಾಗುತ್ತಿದೆ.

"ಬಾರ್ ಉದ್ದ ಆತೇನೋ," ಎಂದೆ.

"ಅಳತಿ ಮಾಡೇನಿ ನಾ. ಉದ್ದ ಅಂದರ ಈ ತುದಿಯಿಂದ ಆ ತುದಿ. ನಾ ಪಾಸ್ ಮಾಡಿದ ಒಂದ ನಟ್ಟು ಫ್ಯಾಕ್ಟರಿಗೆ ವಾಪಸ್ ಬಂದಿಲ್ಲ."

ಜಗಳ ಜೋರಾಯಿತು. ಹತ್ತೊಂಬತ್ತು ಹತ್ತಿರ ಬರುತ್ತಿದೆಯಲ್ಲ, ಇಬ್ಬರಿಗೂ ಅದೇ ಹೆದರಿಕೆ, ಬಾಯಿ ಮಾತ್ರ ಬೇರೆ ಬೇರೆ ಮಾತಾಡುತ್ತಿತ್ತು. ಆಗ ಅತ್ತೆಯವರು ಕೌದಿಯಿಂದ ತಲೆಯೆತ್ತಿದರು.

"ಭೀಮ್ಯಾ, ನಮ್ಮ ಈಳಿಗಿ ಎಷ್ಟುದ್ದ ಐತಿ?"

"ಯಾಕವ್ವಾ ಈಗ?"

"ಹೇಳೊ. ಮಣಿಯೊಳಗ ಹುಗಿದು ಕುಂತದ್ದೂ ಸೇರಿಸಿ ಹೇಳತೀಯೇನು, ಹೊರಗ ಕಾಣೂದಷ್ಟ ಹೇಳತೀಯೇನು? ಬದನಿಕಾಯಿ ಹೆಚ್ಚೂದು ಹೊರಗಿಂದು."

ಯಜಮಾನರು ಮಷಿನ್‌ಗೆ ಗೋಣಿ ಹೊದಿಸಿ ಒಳಗೆ ಹೋದರು. ಚಹಾ ಕೂಡ ಕೇಳಲಿಲ್ಲ.

ಜೂನ್ 13, ಶುಕ್ರವಾರ

ಪಾತ್ರೆ ತೊಳೆದಾದ ಮೇಲೆ ಆ ಹಳೆಯ ಬಾಗಿದ ಬಾರನ್ನು ತೊಟ್ಟಿಗೆ ಹಾಕಿದೆ. ಸೀಮೆಎಣ್ಣೆ, ಬೂದಿ, ತೆಂಗಿನ ನಾರು ಹಾಕಿ ಉಜ್ಜಿದೆ. ಸುಮ್ಮನೆ ಕೂರಲಾಗಲಿಲ್ಲ, ಅಷ್ಟೇ. ಮಷಿನ್ ಒಳಗೆ ಅಡಗಿ ಕೂರುವ ಬುಡದ ಭಾಗದಲ್ಲಿ ತುಕ್ಕಿನ ಕೆಳಗೆ ಒತ್ತಿದ ಅಕ್ಷರಗಳು ಕಂಡವು. ಒಂದು ಕಡೆ ಕಂಪನಿಯ ಗುರುತು. ಇನ್ನೊಂದು ಕಡೆ ಸ್ಪಷ್ಟವಾಗಿ 18.

ಉಳಿದ ನಾಲ್ಕು ಇಂಚು ಮಷಿನ್‌ನ ಹೊಟ್ಟೆಯೊಳಗಿನದು. ಎಣಿಕೆಗೆ ಇಲ್ಲ.

ಯಜಮಾನರಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಸರಿ," ಎಂದರು. ಮದುವೆಯಾದಾಗಿನಿಂದ ನನ್ನ ಯಾವ ಕೆಲಸಕ್ಕೂ ಅಷ್ಟು ಚಿಕ್ಕದಾಗಿ ಅಷ್ಟು ದೊಡ್ಡ ಸರ್ಟಿಫಿಕೇಟು ಸಿಕ್ಕಿರಲಿಲ್ಲ. ತಾವೇ ಸ್ಟೂಲು ಹತ್ತಿ, ಮರ ದಾಟಿ, ಬಿಸಿಲಲ್ಲಿ ಕಾಟನ್ ಮಾರ್ಕೆಟ್ಟಿಗೆ ಹೋದರು. ಅಂಗಡಿಯವನು ಇಪ್ಪತ್ತೆರಡನ್ನು ಗೊಣಗುತ್ತ ವಾಪಸ್ ತೆಗೆದುಕೊಂಡು, "ಕಾಕಾ, ಹೇ ಪಹಿಲೇಚ್ ಸಾಂಗಾಯ್ಚಂ ಹೋತಂ" ಎಂದನಂತೆ. ಮೊದಲೇ ಹೇಳಬೇಕಿತ್ತು ಎಂದು ಅಂಗಡಿಯವನಿಂದಲೂ ಕೇಳಿಸಿಕೊಂಡು ಬಂದರು. ನಾನು ಆ ಮಾತನ್ನು ಮತ್ತೆ ಆಡಲಿಲ್ಲ.

ಜೂನ್ 16, ಸೋಮವಾರ

ಬೆಳಿಗ್ಗೆ ಹದಿನೆಂಟು ಇಂಚಿನ ಬಾರು ಬೆಣ್ಣೆಗೆ ಚಾಕು ಹೋದಂತೆ ಬೇವಿಗೆ ಇಳಿಯಿತು. ತಿಳಿಹಳದಿ ಪುಡಿ ಕಾರಂಜಿಯಂತೆ ಹಾರಿತು. ಎಂಜಿನ್ ಒಮ್ಮೆಯೂ ಉಸಿರು ಕಟ್ಟಲಿಲ್ಲ. ಯಜಮಾನರು ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು ಕಾಂಡವನ್ನು ಮೇಲಿನಿಂದ ಅರ್ಧಕ್ಕೂ ಹೆಚ್ಚು ಕೊಯ್ದರು. ನಾನು ಅವ್ವನ ಕುರ್ಚಿಯನ್ನು ವರಾಂಡದ ಅಂಚಿಗೆ ತಂದು, ಈಗ ಇಷ್ಟು ಆಯಿತು, ಈಗ ಇಷ್ಟು ಎಂದು ವರದಿ ಒಪ್ಪಿಸುತ್ತಿದ್ದೆ. ಅವರು ಸದ್ದಿನಲ್ಲೇ ಅಳತೆ ಮಾಡಿ, "ಇನ್ನ ನಾಲ್ಕು ಬೆರಳು," ಎಂದರು.

ಆಗ ಮರ ಕಟಕ್ ಎಂದು ಬಾಯಿ ಮುಚ್ಚಿತು. ಕೊಯ್ದ ಸೀಳು ಮೇಲ್ಗಡೆ ಕೂಡಿಕೊಂಡಿತು. ಬಾರು ಒಳಗೆ, ಮಷಿನ್ ಹೊರಗೆ. ಎಂಜಿನ್ ಸತ್ತಿತು.

ಯಜಮಾನರು ಎಳೆದರು. ಅಲ್ಲಾಡಿಸಿದರು. ಕಾಲು ಕೊಟ್ಟು ಎಳೆದರು. ಬೆನ್ನಿನಿಂದ ಇನ್ನೊಂದು ಕಟಕ್ ಕೇಳಿಸಿತು. ಈಗ ಅವರು ಅವ್ವನ ಪಕ್ಕದ ಮಂಚದಲ್ಲಿ ಬೋರಲಾಗಿದ್ದಾರೆ, ಬಿಸಿನೀರಿನ ಚೀಲ ಸೊಂಟದ ಮೇಲಿದೆ. ಮನೆಯಲ್ಲಿ ಇಬ್ಬರು ರೋಗಿಗಳು. ಬಾಗಿಲಲ್ಲಿ ಮೂರನೆಯದು, ಹಲ್ಲುಕಚ್ಚಿಕೊಂಡ ಗರಗಸ.

ಈಚೆ ಸಿಕ್ಕಿಬಿದ್ದವರ ಲೆಕ್ಕಕ್ಕೆ ಒಂದು ಮಷಿನ್ ಸೇರಿತು. ನಗು ಬರುತ್ತಿಲ್ಲ.

ಜೂನ್ 17, ಮಂಗಳವಾರ

ಅವ್ವ ನಸುಕಿನಲ್ಲೇ ಎದ್ದು ಕೂತಿದ್ದರು. ಒಂದೇ ಮಾತು: "ಹೊರಸ್ರಿ, ವನಜಾ. ನಾಲ್ಕು ಮಂದಿ ಕರಸು."

ಬಾಗಿಲ ವಿಷಯದಲ್ಲಿ ಯಾರಿಗೂ ಮಣಿಯದ ಹೆಂಗಸು ಹೀಗೆ ಅಂದದ್ದು ನನಗೆ ಹಿಡಿಸಲಿಲ್ಲ. "ಕರಸೂದಿಲ್ಲ," ಎಂದೆ. ದನಿ ಯಾರದೋ ಅನ್ನಿಸಿತು.

ಕೋಸಂಬರಿಗೆಂದು ತಂದ ದೊಡ್ಡ ಸೌತೆಕಾಯಿಯನ್ನು ಎರಡು ಬಟ್ಟಲುಗಳ ಮೇಲೆ ಅಡ್ಡ ಇಟ್ಟು, ಅವ್ವನ ಬೆರಳನ್ನು ಅದರ ನಡುವೆ ಇಟ್ಟೆ.

"ಒತ್ರಿ ಅವ್ವಾ. ಮರದ ಭಾರ ಇದ್ದಂಗ."

ಮೇಲಿನಿಂದ ಚಾಕು ಇಳಿಸಿದೆ. ಮುಕ್ಕಾಲಿಗೆ ಬರುವಷ್ಟರಲ್ಲಿ ಸೌತೆಕಾಯಿ ನಡುಬಗ್ಗಿ ಚಾಕುವನ್ನು ಗಬಕ್ಕನೆ ಹಿಡಿದುಕೊಂಡಿತು. ಎರಡನೆಯ ಕಾಯಿಗೆ ಮೇಲಿಂದ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ದೆ. ಅವ್ವ ಎಷ್ಟು ಒತ್ತಿದರೂ ಕೆಳಗಿನ ಸೀಳು ಅಗಲವಾಗುತ್ತಲೇ ಹೋಯಿತು, ಚಾಕು ಸಲೀಸಾಗಿ ಹೊರಬಂತು.

"ಎರಡೂ ಕಡೆ ಆಸರ ಇದ್ದದ್ದು ನಡಕ ಬಗ್ಗತೈತಿ. ಮ್ಯಾಲ ಕಚ್ಚತೈತಿ, ಕೆಳಗ ಬಿಡತೈತಿ," ಎಂದರು ಅವ್ವ, ಬೆರಳು ನೆಕ್ಕುತ್ತ. "ಇನ್ನೊಂದು ಹೆಚ್ಚು, ಉಪ್ಪು ಹಾಕು."

ಪೊನ್ನಪ್ಪನವರಿಗೆ ಹೇಳಿದೆ. "ಹೌದಲ್ಲ ಅಕ್ಕಾ! ನಮ್ಮ ಕಡೆ ಹಾಗೇ ಕೊಯ್ಯೋದು, ಕೆಳಗಿಂದ," ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಭೀಮಪ್ಪನವರು ಡ್ರಾಯಿಂಗ್ ಪ್ರಕಾರ ಮಾಡ್ತಿದ್ರು," ಎಂದರು.

ಜೂನ್ 18, ಬುಧವಾರ

ಅಕ್ಷರ ವಕ್ರವಾಗುತ್ತಿದೆ. ಮಷಿನ್‌ನ ನಡುಕ ಮೊಣಕೈಯಲ್ಲಿ ಇನ್ನೂ ಓಡುತ್ತಿದೆ.

ಕಾರಿನ ಡಿಕ್ಕಿಯಿಂದ ಜಾಕ್ ತೆಗೆದೆ. ಇಟ್ಟಿಗೆ ಜೋಡಿಸಿ, ಸೀಳಿನ ಪಕ್ಕದಲ್ಲೇ ಕಾಂಡದ ಕೆಳಗೆ ಇಟ್ಟು ತಿರುವಿದೆ. ತಿರುವಿದಷ್ಟೂ ಮರ ಕೂದಲೆಳೆಯಷ್ಟು ಏಳುತ್ತಿತ್ತು. ಕೊನೆಗೆ ಸೀಳು ತುಟಿ ತೆರೆಯಿತು, ಗರಗಸ ಮಗುವಿನ ಹಲ್ಲಿನಂತೆ ಕೈಗೆ ಬಂತು.

ಯಜಮಾನರು ಮಂಚದಿಂದಲೇ ಎಂಜಿನ್ ಸದ್ದು ಕೇಳಿ ಹೇಳುತ್ತಿದ್ದರು. "ಚೋಕ್ ಒಳಗ ಹಾಕು! ಈಗ ಬರೋಬರ್ ಐತಿ. ತುದಿ ಮರಕ್ಕ ಮುಟ್ಟಸಬ್ಯಾಡ, ಹಿಂದ ಒದೀತೈತಿ!" ಅವರ ಪ್ಯಾಂಟು, ಅವರ ಬೂಟು, ಅವರ ಹೆಲ್ಮೆಟ್ಟು ನನ್ನ ಮೇಲಿದ್ದವು. ದಾರಿಯಲ್ಲಿ ಹೋಗುವವರಿಗೆ ಭೀಮಪ್ಪನವರು ಸಣ್ಣಗಾಗಿದ್ದಾರೆ ಎನ್ನಿಸಿರಬೇಕು.

ಜಾಕ್ ಇಳಿಸಿ ತೆಗೆದೆ. ಕೆಳಗಿನಿಂದ ಮೇಲಕ್ಕೆ ಕೊಯ್ಯುವಾಗ ಮಷಿನ್ ನನ್ನ ಕಡೆಗೇ ದೂಡುತ್ತದೆ. ಗಟ್ಟಿ ನಿಂತೆ. ಪೊನ್ನಪ್ಪನವರು ದೂರದಿಂದ, "ಅಕ್ಕಾ, ಬೇರಿನ ಕಡೆ ನಿಲ್ಲಬೇಡಿ! ಭಾರ ಕಳಚಿದ್ರೆ ಬುಡ ಎದ್ದು ನಿಲ್ಲುತ್ತೆ!" ಎಂದು ಕೂಗುತ್ತಿದ್ದರು. ಸರಿದು ನಿಂತದ್ದು ಒಳ್ಳೆಯದಾಯಿತು. ಕೊನೆಯ ನಾರು ಹರಿದೊಡನೆ ಕಾಂಡ ಧೊಪ್ಪೆಂದು ಬಿತ್ತು, ಬೇರಿನ ಚಕ್ರ ಮಣ್ಣು ಕೊಡವಿ ಸೊಂಟ ನೆಟ್ಟಗೆ ಮಾಡಿಕೊಂಡು ತನ್ನ ಗುಂಡಿಯಲ್ಲಿ ಮತ್ತೆ ಕೂತಿತು.

ಗೋಡೆಯ ಕಡೆ ಇನ್ನೊಂದು ಕೊಯ್ತ. ನಡುವಿನ ತುಂಡನ್ನು ಉರುಳಿಸಿದೆ. ಕಾರು ದಾಟುವಷ್ಟು ಜಾಗವಿಲ್ಲ, ಗಾಲಿಕುರ್ಚಿ ದಾಟುವಷ್ಟಿದೆ.

ಅವ್ವ ಕೈ ಚಾಚಿದರು. ನನ್ನ ಅಂಗೈಯಲ್ಲಿ ಪುಡಿ, ಎಣ್ಣೆ, ಗುಳ್ಳೆ. ಮುಟ್ಟಿ ನೋಡಿ, "ಮಂದಿ ಬರಲಿಲ್ಲಲಾ?" ಎಂದರು.

"ಇಲ್ಲ."

"ಹಂಗಾರ ನಾಳೆ ಇಳಕಲ್ ಸೀರಿ ತಗದಿಡು."

ಜೂನ್ 19, ಗುರುವಾರ

ಆಟೋ ಗೇಟಿನ ಮುಂದೆ ಬಂದು ನಿಂತಿತು. ಅವ್ವ ತಮ್ಮ ಕೈಯಿಂದಲೇ ಗಾಲಿ ತಿರುವಿಕೊಂಡು ದಾಟಿದರು. ನಾನು ಹಿಂದೆ ಹಿಡಿದಿದ್ದೇನೆ ಎಂದುಕೊಂಡಿದ್ದೆ, ನೋಡಿದರೆ ಹಿಡಿದಿರಲಿಲ್ಲ.

ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಇದಕ್ಕಿಂತ ಹೆಚ್ಚು ಬರೆಯುವ ಧೈರ್ಯವಿಲ್ಲ.

ಜೂನ್ 20, ಶುಕ್ರವಾರ

ಪಟ್ಟಿ ಬಿಚ್ಚಿದರು. ಅವ್ವ ಮೊದಲು ಡಾಕ್ಟರನ್ನು ನೋಡಿದರು. "ಇಷ್ಟ ಸಣ್ಣ ಹುಡುಗಗ ನನ್ನ ಕಣ್ಣ ಕೊಟ್ಟಿದ್ರೇನು?" ಆಮೇಲೆ ಕೋಲೂರಿ ನಿಂತ ಮಗನನ್ನು ನೋಡಿದರು. "ಹೊಟ್ಟಿ ಬಂದೈತಿ ಭೀಮ್ಯಾ." ಆಮೇಲೆ ಗೋಡೆಯ ಕ್ಯಾಲೆಂಡರು, ಫ್ಯಾನು, ನೀರಿನ ಬಾಟಲಿ. ಬಾಟಲಿಯ ಮೇಲಿನ ಬಣ್ಣವನ್ನು ಗಟ್ಟಿಯಾಗಿ ಹೇಳಿದರು: "ನೀಲಿ." ಯಜಮಾನರು ಕಿಟಕಿಯ ಕಡೆ ತಿರುಗಿಕೊಂಡರು.

ನನ್ನನ್ನು ಕೊನೆಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಕೂದಲಕ್ಕ ಏನಾತು?"

"ಬೆಳ್ಳಗಾಗ್ಯಾವ್ರಿ."

"ಯಾವಾಗ?"

"ನಾವಿಬ್ಬರೂ ಮನಿಯೊಳಗ ಇದ್ದಾಗ."

ಅವರು ನನ್ನ ಗುಳ್ಳೆಯೆದ್ದ ಅಂಗೈಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಆಟೋ ಬರುವ ತನಕ ಅದನ್ನೇ ಓದುತ್ತಿದ್ದರು.

ಜೂನ್ 27, ಶುಕ್ರವಾರ

ವಾರದಿಂದ ಬರೆಯಲು ಪುರಸೊತ್ತಿಲ್ಲ. ಉಳಿದ ಕಾಂಡ ಕೊಯ್ದು ಕಾರಿಗೆ ದಾರಿ ಮಾಡುವ ಕೆಲಸ ನನ್ನ ತಲೆಗೇ ಬಂದಿದೆ. ಯಜಮಾನರ ಸೊಂಟ ನೆಟ್ಟಗಾದರೂ ಡಾಕ್ಟರು ಭಾರ ಎತ್ತಬಾರದೆಂದಿದ್ದಾರೆ. ಅವರು ಚೈನಿನ ಹಲ್ಲಿಗೆ ಅರ ಹಾಕುತ್ತಾರೆ, ಪ್ರತಿ ಹಲ್ಲನ್ನೂ ತಪಾಸಣೆ ಮಾಡಿ ಪಾಸ್ ಮಾಡುತ್ತಾರೆ.

ನಿನ್ನೆಯ ಮಳೆಗಾಳಿಗೆ ಹಿಂದಿನ ಗಲ್ಲಿಯಲ್ಲಿ ಮತ್ತೊಂದು ಮರ ಬಿತ್ತು. ಬೆಂಗಳೂರಿನ ರಂಜನಿ ಎಂಬಾಕೆಯ ಮನೆಯ ಬಾಗಿಲಿಗೆ. ಗಂಡ ವಾಯುಸೇನೆಯಲ್ಲಿ, ಸದ್ಯ ಜೋಧಪುರದಲ್ಲಿದ್ದಾನಂತೆ. ಬೆಳಿಗ್ಗೆ ಪೊನ್ನಪ್ಪನವರು ಗೇಟಿನೊಳಗೆ ತಲೆ ಹಾಕಿದರು. ಯಜಮಾನರು ಅಭ್ಯಾಸಬಲದಿಂದ ಎದ್ದು ನಿಂತರು.

"ನೀವಲ್ಲ ಭೀಮಪ್ಪನವರೇ. ಮಷಿನ್ ಅಕ್ಕ ಇದಾರಲ್ಲ, ಅವರು ಬರ್ತಾರಾ ಅಂತ ಆ ಹುಡುಗಿ ಕೇಳ್ತಿದಾಳೆ. ಕಿಟಕಿಯಿಂದ ಮಾತಾಡ್ತಾಳೆ ಪಾಪ, ಹೊರಗೆ ಬರೋಕೆ ದಾರಿನೇ ಇಲ್ಲ."

"ಅಡಗಿ?" ಎಂದರು ಯಜಮಾನರು.

"ನಾ ಹೇಳಿಕೊಡತೇನಿ, ನೀ ಮಾಡು. ನನಗ ಈಗ ಎಲ್ಲಾ ಕಾಣತೈತಿ," ಎಂದರು ಅವ್ವ, ಕರಿ ಕನ್ನಡಕದ ಹಿಂದಿನಿಂದ. ಯಜಮಾನರು ಇನ್ನಷ್ಟು ಹೆದರಿದಂತೆ ಕಂಡಿತು.

ಬೂಟು ಹಾಕಿಕೊಂಡೆ. ಬಾರಿಗೆ ಗೋಣಿ ಸುತ್ತಿ ಮಷಿನ್ ಎತ್ತಿಕೊಂಡೆ, ಪೆಟ್ರೋಲ್ ಕ್ಯಾನು ಇನ್ನೊಂದು ಕೈಗೆ. ಜಾಕು ಪೊನ್ನಪ್ಪನವರ ಕೈಗೆ, ಅಷ್ಟು ಭಾರಕ್ಕೆ ಅವರ ಬ್ಯಾಟರಿ ಒಪ್ಪುತ್ತದಂತೆ. ರಸ್ತೆಯಲ್ಲಿ ಮಳೆನೀರು ನಿಂತಿತ್ತು. ಯಾರದೋ ಮನೆಯ ಒಗ್ಗರಣೆಯ ವಾಸನೆ, ಯಾರದೋ ರೇಡಿಯೋ. ನಾಯಿ ಒಂದಿಷ್ಟು ದೂರ ಹಿಂದೆ ಬಂತು.

ಮೂಲೆ ತಿರುಗಿದ ಮೇಲೆ ನೆನಪಾಯಿತು, ಎಷ್ಟು ಹೊತ್ತಿಗೆ ಬರುತ್ತೇನೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಿರುಗಿ ಹೋಗಿ ಹೇಳಿಬರಬಹುದಿತ್ತು. ಮಷಿನ್ ಭಾರವಾಗಿತ್ತು.